ವಿಂಡೋಸ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡಿಸಲಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಕಂಪ್ಯೂಟರ್ ರಿಪೇರಿ ನನ್ನ ಹೊಟ್ಟೆಪಾಡಿನ ಕೆಲಸವಲ್ಲ. ಆದರೂ ಸುಮಾರು ಹದಿನೈದು ವರ್ಷದಿಂದ ಗುರುತಿನವರ ಮನೆಯ ಕಂಪ್ಯೂಟರ್ ಕೆಟ್ಟರೆ ಫೋನ್ ನನಗೇ ಬರುತ್ತದೆ. ಮಾಟುಂಗದಿಂದ, ಪುಣೆಯ ಪಿಂಪ್ರಿಯಿಂದ, ಗೋವಾದ ವಾಸ್ಕೋದಿಂದ. ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಲೋಕಲ್ ಟ್ರೇನಿನಲ್ಲಿ ನಿಂತುಕೊಂಡು ಅರ್ಧಂಬರ್ಧ ಉತ್ತರ ಕೊಡುವುದಕ್ಕಿಂತ ಒಮ್ಮೆ ಕೂತು ಬರೆದುಬಿಡೋಣ ಅನ್ನಿಸಿತು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಿಂಡೋಸ್ ಎಷ್ಟು ಸಲ ಬೇಕಾದರೂ ಮತ್ತೆ ಸಿಗುತ್ತದೆ. ನಿಮ್ಮ ಫೋಟೋ, ಲೆಕ್ಕ, ಬರಹ ಸಿಗುವುದಿಲ್ಲ. ಹಾಗಾಗಿ ಮೊದಲು ಫೈಲ್, ಆಮೇಲೆ ರಿಪೇರಿ.

## ಮೊದಲು ಗಾಬರಿ ಇಳಿಸೋಣ

ಬಟನ್ ಒತ್ತಿದರೆ ಲೈಟ್ ಬರ್ತದೆ, ಫ್ಯಾನ್ ತಿರುಗ್ತದೆ, ವಿಂಡೋಸ್ ಮಾತ್ರ ಬರೋದಿಲ್ಲ. ಕಂಪ್ಯೂಟರ್ ಸತ್ತೇ ಹೋಯಿತಾ ಮಾರಾಯ್ರೆ?

ಬಹುಪಾಲು ಸತ್ತಿರುವುದಿಲ್ಲ. ಪರದೆಯ ಮೇಲೆ ಏನು ಬರುತ್ತಿದೆ ಅಂತ ಮೊದಲು ನೋಡಿ. ಕಂಪನಿಯ ಲೋಗೋ ಬಂದು, ಸುತ್ತುವ ಚುಕ್ಕಿಗಳು ಬಂದು, ಅಲ್ಲೇ ನಿಂತರೆ ತೊಂದರೆ ವಿಂಡೋಸ್‌ನದ್ದು. ಲೋಗೋ ಕೂಡ ಇಲ್ಲ, ಪರದೆ ಪೂರ್ತಿ ಕಪ್ಪು, ಅಥವಾ ಬೀಪ್ ಬೀಪ್ ಸದ್ದು ಬರುತ್ತಿದೆ ಅಂದರೆ ತೊಂದರೆ ಯಂತ್ರದ್ದು: ರ‍್ಯಾಮ್, ಮಾನಿಟರ್ ಕೇಬಲ್, ಪವರ್ ಸಪ್ಲೈ ಇಂಥವು. ಲೋಗೋ ಬಂದು ಆಮೇಲೆ ಬೂಟ್ ಡಿವೈಸ್ (ಶುರುವಾಗಬೇಕಾದ ಡಿಸ್ಕ್) ಸಿಗಲಿಲ್ಲ ಅಂತ ಇಂಗ್ಲಿಷ್‌ನಲ್ಲಿ ಬಂದರೆ ಚುಚ್ಚಿಟ್ಟ ಪೆನ್‌ಡ್ರೈವ್, ಪ್ರಿಂಟರ್, ಹೊರಗಿನ ಡಿಸ್ಕ್ ಎಲ್ಲ ತೆಗೆದು ಇನ್ನೊಮ್ಮೆ ಶುರು ಮಾಡಿ. ಮರೆತು ಬಿಟ್ಟ ಪೆನ್‌ಡ್ರೈವ್ ಒಂದೇ ಕಾರಣ ಆಗಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಹಾಗಾದರೆ ನನ್ನ ಫೋಟೋ, ಮಗಳ ಪ್ರಾಜೆಕ್ಟ್, ಎಲ್ಲಾ ಹೋಯ್ತಾ?

ಇಲ್ಲ. ಬಾಗಿಲ ಬೀಗ ಕೆಟ್ಟರೆ ಮನೆಯೊಳಗಿನ ಪಾತ್ರೆ ಪಡಗ ಎಲ್ಲಿಗೂ ಹೋಗಿರುವುದಿಲ್ಲ ಅಲ್ವಾ? ಹಾಗೇ ಇದು. ವಿಂಡೋಸ್ ತನ್ನದೇ ಒಂದು ಫೋಲ್ಡರ್‌ನಲ್ಲಿ ಇರುತ್ತದೆ, ನಿಮ್ಮ ಫೈಲ್‌ಗಳು ಯೂಸರ್ಸ್ ಅನ್ನುವ ಬೇರೆ ಫೋಲ್ಡರ್‌ನಲ್ಲಿ ಇರುತ್ತವೆ. ಡಿಸ್ಕ್ ಸರಿ ಇದ್ದರೆ, ವಿಂಡೋಸ್ ಎಷ್ಟೇ ಹಾಳಾಗಿದ್ದರೂ ಅವನ್ನು ಹೊರಗೆ ತೆಗೆಯಬಹುದು.

ಹೋಗುವುದು ಯಾವಾಗ ಗೊತ್ತಾ? ಗಾಬರಿಯಲ್ಲಿ ಯಾರೋ ಫಾರ್ಮ್ಯಾಟ್, ಅಂದರೆ ಡಿಸ್ಕ್ ಅಳಿಸಿ ಹೊಸದಾಗಿ ಶುರು ಮಾಡೋಣ, ಅಂದಾಗ. ಗೋರೆಗಾಂವ್‌ನಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ. ಅಜ್ಜಿ ಹಾಡುತ್ತಿದ್ದ ಶೋಭಾನೆ ಹಾಡುಗಳನ್ನು ಊರಿಗೆ ಹೋದಾಗಲೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು ಕಂಪ್ಯೂಟರ್‌ಗೆ ಹಾಕಿಡುತ್ತಿದ್ದರು. ಒಂದು ದಿನ ಅದು ಶುರುವಾಗಲಿಲ್ಲ, ಸ್ಟೇಷನ್ ಪಕ್ಕದ ಒಂದು ಅಂಗಡಿಗೆ ಕೊಟ್ಟರು, ಸಂಜೆ ಹೊಸ ವಿಂಡೋಸ್ ಹಾಕಿಸಿಕೊಂಡು ತಂದರು. ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿತ್ತು. ಹಾಡುಗಳು ಇರಲಿಲ್ಲ. ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು. ಅಂಗಡಿಯವರು ಕೇಳಲಿಲ್ಲ, ಹೇಳಬೇಕು ಅಂತ ಚಿಕ್ಕಮ್ಮನಿಗೆ ಗೊತ್ತಿರಲಿಲ್ಲ. ಇದನ್ನೆಲ್ಲ ಇಷ್ಟು ಉದ್ದಕ್ಕೆ ಬರೆಯಲು ಕಾರಣವೇ ಅದು.

ದೊಡ್ಡ ಎಚ್ಚರಿಕೆ ಬಂದಿದೆ, ಕೆಳಗೆ ಫೋನ್ ನಂಬರ್ ಕೊಟ್ಟಿದ್ದಾರೆ. ಫೋನ್ ಮಾಡಲಾ?

ಮಾಡಬೇಡಿ. ವಿಂಡೋಸ್‌ನ ನಿಜವಾದ ದೋಷ ಪರದೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಅಲ್ಲಿ ಒಂದು ದೋಷದ ಹೆಸರು ಇರುತ್ತದೆ, ಕೆಲವೊಮ್ಮೆ ಕ್ಯೂಆರ್ ಕೋಡ್ ಇರುತ್ತದೆ, ಅಷ್ಟೇ. ನೀವು ನೋಡುತ್ತಿರುವುದು ಬ್ರೌಸರ್ ಒಳಗೆ ತೆರೆದ ಮೋಸದ ಪುಟ. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಬ್ರೌಸರ್ ಮುಚ್ಚಿ. ಆಗಲೇ ಫೋನ್ ಮಾಡಿ, ಅವರು ಹೇಳಿದ ಆ್ಯಪ್ ಹಾಕಿಕೊಂಡು, ದುಡ್ಡು ಹೋಗಿದ್ದರೆ ಮೊದಲು ಇಂಟರ್ನೆಟ್ ಕಿತ್ತು, ತಕ್ಷಣ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ. ಎಷ್ಟು ಬೇಗ ಮಾಡಿದರೆ ದುಡ್ಡು ತಡೆಯಲು ಅಷ್ಟು ಅನುಕೂಲ.

ನಾ ಏನೂ ಮುಟ್ಟಿಲ್ಲ ರೀ, ನಿನ್ನೆ ರಾತ್ರಿ ಚಲೋ ಇತ್ತು. ಇವತ್ತು ಚಾಲೂನೇ ಆಗವಲ್ದು. ಹಿಂಗ್ಯಾಕ?

ನೀವು ಮುಟ್ಟಿರಲಿಕ್ಕಿಲ್ಲ, ನಂಬುತ್ತೇನೆ. ನಾನು ನೋಡಿದ್ದರಲ್ಲಿ ದೊಡ್ಡ ಕಾರಣ ಕರೆಂಟ್. ಅಪ್‌ಡೇಟ್ ನಡೆಯುವಾಗ ವಿಂಡೋಸ್ ನೂರಾರು ಫೈಲ್‌ಗಳನ್ನು ಬದಲಿಸುತ್ತಿರುತ್ತದೆ. ಅದೇ ಹೊತ್ತಿಗೆ ಕರೆಂಟ್ ಹೋದರೆ ಅರ್ಧ ಹಳೆಯದು, ಅರ್ಧ ಹೊಸದು ಆಗಿ ಕೂರುತ್ತದೆ. ಪುಣೆಯಲ್ಲಿ ಗುರುವಾರ ಲೈನ್ ರಿಪೇರಿಗೆ ಕರೆಂಟ್ ತೆಗೆಯುವುದು ನಿಮಗೇ ಗೊತ್ತು. ಗೋವಾದಲ್ಲಿ ಮಳೆಗಾಲದ ಗುಡುಗು ಶುರುವಾದರೆ ಹೇಳುವುದೇ ಬೇಡ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಡೆಸ್ಕ್‌ಟಾಪ್‌ಗೆ ಯುಪಿಎಸ್ ಬೇಕೇ ಬೇಕು.

ಉಳಿದ ಕಾರಣಗಳು: ಸಾಯುತ್ತಿರುವ ಹಾರ್ಡ್ ಡಿಸ್ಕ್, ಕೆಟ್ಟ ರ‍್ಯಾಮ್, ಸಿ ಡ್ರೈವ್ ಪೂರ್ತಿ ತುಂಬಿರುವುದು, ಕಳ್ಳ ಸಾಫ್ಟ್‌ವೇರ್ ಜೊತೆ ಬಂದ ವೈರಸ್, ಮತ್ತು ಕಂಪನಿಯವರೇ ಕಳಿಸಿದ ಕೆಟ್ಟ ಅಪ್‌ಡೇಟ್. ಕೊನೆಯದು ಅಪರೂಪ ಅಂದುಕೊಳ್ಳಬೇಡಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ತಪ್ಪು ಫೈಲ್‌ನಿಂದ ಲೋಕದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಬಣ್ಣದ ದೋಷ ಪರದೆಗೆ ಬಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರು. ಅದು ಆಫೀಸಿನ ಯಂತ್ರಗಳಲ್ಲಿ ಇರುವ ಸಾಫ್ಟ್‌ವೇರ್, ಮನೆಯ ಕಂಪ್ಯೂಟರ್‌ಗೆ ಏನೂ ಆಗಲಿಲ್ಲ. ಆದರೆ ರಿಪೇರಿ ಹೇಗಾಯಿತು ನೋಡಿ: ಸೇಫ್ ಮೋಡ್‌ಗೆ (ವಿಂಡೋಸ್ ತೀರಾ ಬೇಕಾದಷ್ಟನ್ನೇ ಹಾಕಿಕೊಂಡು ಶುರುವಾಗುವ ರೀತಿ) ಹೋಗಿ ಆ ಒಂದು ಫೈಲ್ ಅಳಿಸಿದರೆ ಸಾಕಾಗುತ್ತಿತ್ತು. ಅದಕ್ಕೆ ಫಾರ್ಮ್ಯಾಟ್ ಬೇಕೇ ಇರಲಿಲ್ಲ.

## ಮನೆಯಲ್ಲೇ ಮಾಡಬಹುದಾದ ರಿಪೇರಿ

ಸೇಫ್ ಮೋಡ್ ಅಂತೀರಿ. ಎಫ್8 ಒತ್ತಿ ಒತ್ತಿ ಬೆರಳು ನೋವು ಬಂತು, ಏನೂ ಬರೋದಿಲ್ಲ.

ಬರುವುದಿಲ್ಲ, ವಿಂಡೋಸ್ 8ರಿಂದಲೇ ಆ ದಾರಿ ಮುಚ್ಚಿದೆ. ಈಗ ಹೀಗೆ ಮಾಡಿ. ಕಂಪ್ಯೂಟರ್ ಆನ್ ಮಾಡಿ, ಚುಕ್ಕಿಗಳು ಸುತ್ತಲು ಶುರುವಾದ ಕೂಡಲೇ ಪವರ್ ಬಟನ್ ಅನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ. ಮುಂದಿನ ಸಲ ಅದು ತಾನಾಗಿಯೇ ರಿಪೇರಿ ಪರದೆಗೆ ಹೋಗುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಆಮೇಲೆ ಬರುವ ಪಟ್ಟಿಯಲ್ಲಿ 4 ಒತ್ತಿದರೆ ಸೇಫ್ ಮೋಡ್, 5 ಒತ್ತಿದರೆ ಇಂಟರ್ನೆಟ್ ಇರುವ ಸೇಫ್ ಮೋಡ್. ಲಾಗಿನ್ ಪರದೆವರೆಗೆ ಬರುತ್ತಿದ್ದರೆ ಇಷ್ಟೆಲ್ಲ ಬೇಡ. ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿದರೆ ಸಾಕು.

ಹೀಗೆ ಬಟನ್ ಹಿಡಿದು ಆಫ್ ಮಾಡುವುದು ಬೇರೆ ದಾರಿ ಇಲ್ಲದಾಗ ಮಾತ್ರ. ಅಪ್‌ಡೇಟ್ ನಡೆಯುತ್ತಿದೆ ಅಂತ ಪರದೆಯಲ್ಲಿ ಇದ್ದರೆ ಮುಟ್ಟಬೇಡಿ.

ಅಪ್‌ಡೇಟ್ 30 ಪರ್ಸೆಂಟಿಗೆ ಬಂದು ನಿಂತಿದೆ, ಎರಡು ಗಂಟೆ ಆಯ್ತು.

ಇನ್ನೂ ಕಾಯಿರಿ. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ದೊಡ್ಡ ಅಪ್‌ಡೇಟ್ ನಾಲ್ಕೈದು ಗಂಟೆ ತೆಗೆದುಕೊಳ್ಳುವುದುಂಟು. ಡಿಸ್ಕ್‌ನ ಪುಟ್ಟ ಲೈಟ್ ಆಗಾಗ ಮಿನುಗುತ್ತಿದ್ದರೆ ಒಳಗೆ ಕೆಲಸ ನಡೆಯುತ್ತಿದೆ ಅಂತ ಅರ್ಥ. ರಾತ್ರಿ ಬಿಟ್ಟು ಮಲಗಿ. ಬೆಳಿಗ್ಗೆಗೂ ಅದೇ ಸಂಖ್ಯೆ ಇದ್ದರೆ ಆಗ ಆಫ್ ಮಾಡಿ.

ರಿಪೇರಿ ಪರದೆಯಲ್ಲಿ ಇಷ್ಟೊಂದು ಆಯ್ಕೆ ಇದೆ. ಯಾವುದು ಮೊದಲು ಒತ್ತಬೇಕು?

ಕಡಿಮೆ ಹಾನಿಯದ್ದು ಮೊದಲು. ಸ್ಟಾರ್ಟಪ್ ರಿಪೇರ್ ಒತ್ತಿ ನೋಡಿ. ಅದು ಆಗಲಿಲ್ಲ ಅಂತ ಹೇಳಿದರೂ ಕೆಟ್ಟದ್ದೇನೂ ಮಾಡಿರುವುದಿಲ್ಲ. ನಿನ್ನೆ ಅಥವಾ ಮೊನ್ನೆ ಅಪ್‌ಡೇಟ್ ಆಗಿತ್ತು ಅಂತ ನೆನಪಿದ್ದರೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್‌ಗೆ ಹೋಗಿ, ಅಲ್ಲಿ ಕ್ವಾಲಿಟಿ ಅಪ್‌ಡೇಟ್ ತೆಗೆಯಿರಿ. ನನ್ನ ಅನುಭವದಲ್ಲಿ ಇದು ತುಂಬಾ ಸಲ ಕೆಲಸ ಮಾಡಿದೆ, ಜನ ಇದನ್ನು ನೋಡುವುದೇ ಇಲ್ಲ. ಆಮೇಲೆ ಸಿಸ್ಟಮ್ ರಿಸ್ಟೋರ್. ಇದು ವಿಂಡೋಸ್ ಅನ್ನು ಹಿಂದಿನ ಒಂದು ದಿನದ ಸ್ಥಿತಿಗೆ ಒಯ್ಯುತ್ತದೆ, ನಿಮ್ಮ ಫೋಟೋ ಮತ್ತು ಕಡತಗಳನ್ನು ಮುಟ್ಟುವುದಿಲ್ಲ. ಆದರೆ ಮೊದಲೇ ಆನ್ ಮಾಡಿಟ್ಟಿದ್ದರೆ ಮಾತ್ರ ಸಿಗುತ್ತದೆ, ಎಷ್ಟೋ ಕಂಪ್ಯೂಟರ್‌ಗಳಲ್ಲಿ ಅದು ಆಫ್ ಆಗಿಯೇ ಬಂದಿರುತ್ತದೆ.

ರೀಸೆಟ್ ದಿಸ್ ಪಿಸಿ ಅನ್ನುವುದು ಮೇಲೆಯೇ ದೊಡ್ಡದಾಗಿ ಕಾಣುತ್ತದೆ. ಅದನ್ನು ಕೊನೆಗೆ ಇಡಿ.

48 ಅಂಕಿಯ ಕೀ ಕೇಳ್ತಿದೆ. ನಾನು ಅಂಥದ್ದೇನೂ ಇಟ್ಟಿಲ್ಲ ಸರ್.

ನೀವು ಇಟ್ಟಿಲ್ಲ, ವಿಂಡೋಸ್ ತಾನೇ ಇಟ್ಟಿದೆ. ಇದು ಬಿಟ್‌ಲಾಕರ್. ಡಿಸ್ಕ್‌ನಲ್ಲಿ ಇರುವುದೆಲ್ಲ ಗುಪ್ತಲಿಪಿಯಲ್ಲಿ ಇರುತ್ತದೆ, ಲ್ಯಾಪ್‌ಟಾಪ್ ಕಳುವಾದರೂ ಕಳ್ಳನಿಗೆ ಏನೂ ಓದಲು ಆಗಬಾರದು ಅಂತ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೆ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇದು ಸದ್ದಿಲ್ಲದೆ ಆನ್ ಆಗಿರುತ್ತದೆ. ಕೀ ಅದೇ ಖಾತೆಯಲ್ಲಿ ಇರುತ್ತದೆ. ಮೊಬೈಲಿನಲ್ಲಿ ಅಕೌಂಟ್ ಡಾಟ್ ಮೈಕ್ರೋಸಾಫ್ಟ್ ಡಾಟ್ ಕಾಮ್‌ಗೆ ಹೋಗಿ, ಡಿವೈಸಸ್ ಪಟ್ಟಿಯಲ್ಲಿ ನಿಮ್ಮ ಲ್ಯಾಪ್‌ಟಾಪ್ ಒತ್ತಿ, ಬಿಟ್‌ಲಾಕರ್ ಕೀ ನೋಡಿ. ಒಂದಕ್ಕಿಂತ ಜಾಸ್ತಿ ಕೀ ಇದ್ದರೆ ಪರದೆಯಲ್ಲಿ ಕಾಣುವ ಕೀ ಐಡಿಯ ಮೊದಲ 8 ಅಕ್ಷರ ಹೊಂದಿಸಿ ನೋಡಿ. ಅಂಗಡಿಯಲ್ಲಿ ಮೊದಲ ದಿನ ಸೆಟಪ್ ಮಾಡಿಕೊಟ್ಟವರು ಯಾವ ಇಮೇಲ್ ಹಾಕಿದ್ದರು, ಮಗ ತನ್ನ ಇಮೇಲ್ ಹಾಕಿದ್ದನಾ, ಅದನ್ನೂ ಕೇಳಿ.

ಕೀ ಸಿಗದೇ ಇದ್ದರೆ ಆ ಡಿಸ್ಕ್ ಅನ್ನು ಯಾರೂ ತೆರೆಯಲಾರರು, ಮೈಕ್ರೋಸಾಫ್ಟ್‌ನವರೂ ಕೂಡ. ಇದನ್ನು ಓದುವಾಗ ನಿಮ್ಮ ಕಂಪ್ಯೂಟರ್ ಸರಿ ಇದ್ದರೆ ಈಗಲೇ ಕೀ ತೆಗೆದು ಕಾಗದದಲ್ಲಿ ಬರೆದು, ಪಾಸ್‌ಬುಕ್ ಇಡುವ ಜಾಗದಲ್ಲಿ ಇಟ್ಟುಬಿಡಿ.

ವಿಂಡೋಸ್ ಶುರುವಾಗ್ತದೆ, ಆದರೆ ಸ್ಟಾರ್ಟ್ ಒತ್ತಿದರೆ ಏನೂ ಆಗಲ್ಲ, ಸೆಟ್ಟಿಂಗ್ಸ್ ತೆರೆದು ತಾನೇ ಮುಚ್ಚಿಕೊಳ್ತದೆ.

ಇದು ಅರ್ಧ ಕೆಟ್ಟ ಸ್ಥಿತಿ. ಮೊದಲು ಫೈಲ್ ನಕಲು ಮಾಡಿಕೊಳ್ಳಿ, ಈಗ ಸುಲಭ. ಆಮೇಲೆ ಕಮಾಂಡ್ ಪ್ರಾಂಪ್ಟ್ (ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ) ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಸ್ಟಾರ್ಟ್ ಸತ್ತಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ರನ್ ನ್ಯೂ ಟಾಸ್ಕ್ ಒತ್ತಿ, ಸಿ ಎಂ ಡಿ ಅಂತ ಬರೆದು, ಅಡ್ಮಿನ್ ಅನ್ನುವ ಚೌಕಕ್ಕೆ ಗುರುತು ಹಾಕಿ. ಆಜ್ಞೆಗಳನ್ನು ಫೋನಿನಲ್ಲಿ ಹೇಳುವ ಹಾಗೆಯೇ ಹೇಳುತ್ತೇನೆ, ನೀವು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ. ಜಾಗ ಅಂದರೆ ಸ್ಪೇಸ್, ಓರೆಗೆರೆ ಅಂದರೆ ಸ್ಲ್ಯಾಶ್, ಅಡ್ಡಗೆರೆ ಅಂದರೆ ಹೈಫನ್. ಮೊದಲನೆಯದು: ಡಿ ಐ ಎಸ್ ಎಂ, ಜಾಗ, ಓರೆಗೆರೆ ಆನ್‌ಲೈನ್, ಜಾಗ, ಓರೆಗೆರೆ ಕ್ಲೀನಪ್ ಅಡ್ಡಗೆರೆ ಇಮೇಜ್, ಜಾಗ, ಓರೆಗೆರೆ ರಿಸ್ಟೋರ್‌ಹೆಲ್ತ್. ಇಂಟರ್ನೆಟ್ ಇರಬೇಕು, ಅರ್ಧ ಗಂಟೆ ಹಿಡಿಯಬಹುದು. ಅದು ಮುಗಿದ ಮೇಲೆ ಎಸ್ ಎಫ್ ಸಿ, ಜಾಗ, ಓರೆಗೆರೆ ಸ್ಕ್ಯಾನ್‌ನೌ. ಕ್ರಮ ಮುಖ್ಯ. ಎರಡನೆಯದು ಒಳ್ಳೆಯ ಫೈಲ್‌ಗಳನ್ನು ಒಂದು ಉಗ್ರಾಣದಿಂದ ತಂದು ಹಾಕುತ್ತದೆ, ಮೊದಲನೆಯದು ಆ ಉಗ್ರಾಣವನ್ನೇ ಸರಿಮಾಡುತ್ತದೆ.

ಅದರಿಂದಲೂ ಆಗಲಿಲ್ಲವಾ? ಮೈಕ್ರೋಸಾಫ್ಟ್ ಸೈಟಿನಿಂದ ಅದೇ ವಿಂಡೋಸ್‌ನ ಐಎಸ್‌ಒ ಫೈಲ್ (ಪೂರ್ತಿ ವಿಂಡೋಸ್ ಇರುವ ಒಂದೇ ಫೈಲ್) ಇಳಿಸಿಕೊಂಡು, ಡಬಲ್ ಕ್ಲಿಕ್ ಮಾಡಿ, ಒಳಗಿನ ಸೆಟಪ್ ಓಡಿಸಿ, ಫೈಲ್ ಮತ್ತು ಆ್ಯಪ್ ಎರಡನ್ನೂ ಉಳಿಸಿಕೊಳ್ಳುವ ಆಯ್ಕೆ ಇಟ್ಟುಕೊಳ್ಳಿ. ವಿಂಡೋಸ್ ಪೂರ್ತಿ ಹೊಸದಾಗುತ್ತದೆ, ನಿಮ್ಮ ಸಾಫ್ಟ್‌ವೇರ್ ಎಲ್ಲ ಇದ್ದಲ್ಲೇ ಇರುತ್ತದೆ. ನನಗೆ ತುಂಬಾ ಇಷ್ಟವಾದ ರಿಪೇರಿ ಇದು.

## ಫೈಲ್ ಹೊರಗೆ ತೆಗೆಯುವುದು

ವಿಂಡೋಸ್ ಶುರುವೇ ಆಗದಿದ್ದರೆ ಫೈಲ್ ತೆಗೆಯೋದಾದರೂ ಹೇಗೆ ಅಣ್ಣಾ?

ಮೂರು ದಾರಿ ಇವೆ. ಮೊದಲನೆಯದಕ್ಕೆ ಒಂದು ಪೆನ್‌ಡ್ರೈವ್ ಬಿಟ್ಟರೆ ಏನೂ ಬೇಡ. ರಿಪೇರಿ ಪರದೆಯಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ನೋಟ್‌ಪ್ಯಾಡ್ ಅಂತ ಟೈಪ್ ಮಾಡಿ. ನೋಟ್‌ಪ್ಯಾಡ್ ತೆರೆದುಕೊಳ್ಳುತ್ತದೆ. ಅದರಲ್ಲಿ ಫೈಲ್, ಓಪನ್ ಒತ್ತಿ, ಕೆಳಗೆ ಟೆಕ್ಸ್ಟ್ ಫೈಲ್ ಅಂತ ಇರುವುದನ್ನು ಆಲ್ ಫೈಲ್ಸ್ ಮಾಡಿ. ಈಗ ಆ ಪುಟ್ಟ ಕಿಟಕಿಯೇ ನಿಮ್ಮ ಕಪಾಟು. ಡಿಸ್ಕ್ ಒಳಗೆ ಹೋಗಿ, ಯೂಸರ್ಸ್‌ನಲ್ಲಿ ನಿಮ್ಮ ಹೆಸರಿನ ಫೋಲ್ಡರ್ ಮೇಲೆ ಬಲಗಡೆ ಬಟನ್ ಒತ್ತಿ ಕಾಪಿ ಮಾಡಿ, ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್ ಮಾಡಿ. ಎಷ್ಟು ಆಯಿತು ಅಂತ ಪಟ್ಟಿ ತೋರಿಸುವುದಿಲ್ಲ, ಕಿಟಕಿ ಹೆಪ್ಪುಗಟ್ಟಿದ ಹಾಗೆ ಕಾಣುತ್ತದೆ. ಸುಮ್ನೆ ಕಾಯಿರಿ. ಇಲ್ಲಿ ಸಿ ಡ್ರೈವ್‌ನ ಹೆಸರು ಡಿ ಅಥವಾ ಇ ಆಗಿರಬಹುದು, ಗಾಬರಿ ಬೇಡ.

ತುಂಬಾ ಫೈಲ್ ಇದ್ದರೆ ಎರಡನೇ ದಾರಿ ಒಳ್ಳೆಯದು. ಇನ್ನೊಬ್ಬರ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಮಿಂಟ್ (ವಿಂಡೋಸ್ ಬದಲು ಬಳಸುವ ಉಚಿತ ಆಪರೇಟಿಂಗ್ ಸಿಸ್ಟಮ್) ಇಳಿಸಿಕೊಂಡು, ರೂಫಸ್ ಎಂಬ ಉಚಿತ ಸಾಧನದಿಂದ ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಶುರು ಮಾಡಿ, ಅದಕ್ಕೆ ಒತ್ತುವ ಬಟನ್ ಕೆಳಗೆ ಹೊಸ ವಿಂಡೋಸ್ ಹಾಕುವ ಪ್ರಶ್ನೆಯಲ್ಲಿದೆ. ಇನ್‌ಸ್ಟಾಲ್ ಒತ್ತಬೇಡಿ. ಇನ್‌ಸ್ಟಾಲ್ ಮಾಡದೆಯೇ ಪೂರ್ತಿ ಓಡುತ್ತದೆ, ನಿಮ್ಮ ಡಿಸ್ಕ್ ತೆರೆದು ಹೊರಗಿನ ಡಿಸ್ಕ್‌ಗೆ ಎಳೆದು ಹಾಕಿದರೆ ಆಯಿತು. ಬರೆಯಲು ಆಗುವುದಿಲ್ಲ, ಓದಲು ಮಾತ್ರ ಅಂತ ಹೇಳಿದರೂ ತೊಂದರೆಯಿಲ್ಲ, ನಮಗೆ ಬೇಕಾದದ್ದು ಓದುವುದೇ. ಬಿಟ್‌ಲಾಕರ್ ಇದ್ದರೆ ಆ 48 ಅಂಕಿ ಇಲ್ಲಿಯೂ ಬೇಕು.

ಮೂರನೆಯದು ಡಿಸ್ಕ್ ಬಿಚ್ಚಿ ಒಂದು ಯುಎಸ್‌ಬಿ ಕೇಸಿಗೆ ಹಾಕಿ ಬೇರೆ ಕಂಪ್ಯೂಟರ್‌ಗೆ ಚುಚ್ಚುವುದು. ಮುಂಬೈನಲ್ಲಿ ಗ್ರಾಂಟ್ ರೋಡ್ ಹತ್ತಿರದ ಲ್ಯಾಮಿಂಗ್ಟನ್ ರೋಡ್, ಪುಣೆಯಲ್ಲಿ ಬುಧವಾರ ಪೇಟೆಯ ತಪಕೀರ್ ಗಲ್ಲಿ, ಎರಡೂ ಕಡೆ ಈ ಕೇಸ್ ಸಿಗುತ್ತದೆ. ಹೋಗುವ ಮುಂಚೆ ನಿಮ್ಮದು ಸಾಟಾ ಡಿಸ್ಕಾ, ಎನ್‌ವಿಎಂಇ ಚಿಪ್ಪಾ ನೋಡಿಕೊಳ್ಳಿ, ಎರಡಕ್ಕೂ ಕೇಸ್ ಬೇರೆ.

ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರ್ತಿದೆ. ಚೆಕ್ ಡಿಸ್ಕ್ ಓಡಿಸಲಾ?

ಬೇಡ. ಈಗಲೇ ಆಫ್ ಮಾಡಿ. ಆ ಸದ್ದು ಒಳಗಿನ ಓದುವ ತೋಳು ದಾರಿ ತಪ್ಪಿ ಹುಡುಕುತ್ತಿರುವುದು. ಚೆಕ್ ಡಿಸ್ಕ್ ಓಡಿಸಿದರೆ ಇಡೀ ಡಿಸ್ಕ್ ಅನ್ನು ಗಂಟೆಗಟ್ಟಲೆ ಉಜ್ಜುತ್ತದೆ, ಉಳಿದ ಉಸಿರೂ ಹೋಗುತ್ತದೆ. ಫೈಲ್ ಅಷ್ಟು ಮುಖ್ಯ ಅಲ್ಲದಿದ್ದರೆ ಒಂದೇ ಸಲ ಆನ್ ಮಾಡಿ ಅತಿ ಬೇಕಾದ್ದನ್ನು ಮೊದಲು ನಕಲು ಮಾಡಿ. ತುಂಬಾ ಮುಖ್ಯವಾದರೆ ಅದೂ ಬೇಡ, ಡೇಟಾ ರಿಕವರಿ ಲ್ಯಾಬಿಗೆ ಕೊಡಿ. ದುಬಾರಿ ಹೌದು. ಮೊದಲು ಪರೀಕ್ಷೆಗೆ ಎಷ್ಟು, ಫೈಲ್ ಸಿಗದಿದ್ದರೆ ಎಷ್ಟು ಅಂತ ಬರೆಸಿಕೊಳ್ಳಿ. ಅಕ್ಕಿ ಡಬ್ಬದಲ್ಲಿ ಇಡುವುದು, ಫ್ರಿಜ್‌ನಲ್ಲಿ ಇಡುವುದು ಇದನ್ನೆಲ್ಲ ಮಾಡಬೇಡಿ.

ಅಂಗಡಿಯವರು ಫಾರ್ಮ್ಯಾಟ್ ಮಾಡಿಬಿಟ್ಟಿದ್ದಾರೆ. ಇನ್ನು ವಾಪಸ್ ಬರ್ತದಾ?

ಕಂಪ್ಯೂಟರ್ ಬಳಸುವುದನ್ನು ಈ ಕ್ಷಣ ನಿಲ್ಲಿಸಿ. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಆದರೆ ಆಸೆ ಇದೆ. ಬೇಗ ಮಾಡುವ ಫಾರ್ಮ್ಯಾಟ್ ಸೂಚಿಯನ್ನು ಅಳಿಸುತ್ತದೆ, ಒಳಗಿನ ಬರಹ ಅದರ ಮೇಲೆ ಹೊಸದು ಬರೆಯುವವರೆಗೂ ಅಲ್ಲೇ ಇರುತ್ತದೆ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿ, ಫೋಟೋರೆಕ್ ಎಂಬ ಉಚಿತ ಸಾಧನ ಓಡಿಸಿ, ಸಿಕ್ಕಿದ್ದನ್ನು ಮೂರನೇ ಡಿಸ್ಕ್‌ಗೆ ಬರೆಸಿ. ಫೈಲ್ ಹೆಸರುಗಳು ಬರುವುದಿಲ್ಲ, ಚಿತ್ರಗಳು ಬರುತ್ತವೆ.

ಒಳಗೆ ಏನೂ ತಿರುಗದ ಹೊಸ ಬಗೆಯ ಎಸ್‌ಎಸ್‌ಡಿ ಆದರೆ ಕಷ್ಟ. ಟ್ರಿಮ್ ಅಂತ ಒಂದು ವ್ಯವಸ್ಥೆ ಇದೆ. ಅಳಿಸಿದ ಜಾಗವನ್ನು ಡಿಸ್ಕ್ ತಾನೇ ಬೇಗ ಖಾಲಿ ಮಾಡಿಬಿಡುತ್ತದೆ. ಸೋಲು ಒಪ್ಪುವ ಮುಂಚೆ ಸಿ ಡ್ರೈವ್‌ನಲ್ಲಿ ವಿಂಡೋಸ್ ಡಾಟ್ ಓಲ್ಡ್ ಅನ್ನುವ ಫೋಲ್ಡರ್ ಇದೆಯಾ ನೋಡಿ. ಅವರು ಫಾರ್ಮ್ಯಾಟ್ ಮಾಡದೆ ಮೇಲೆಯೇ ಹೊಸದು ಹಾಕಿದ್ದರೆ ಹಳೆಯದೆಲ್ಲ ಅದರೊಳಗೆ ಇರುತ್ತದೆ. ಕೆಲವು ದಿನದಲ್ಲಿ ಅದು ತಾನಾಗಿಯೇ ಅಳಿದುಹೋಗುತ್ತದೆ, ತಡ ಮಾಡಬೇಡಿ.

## ಹೊಸದಾಗಿ ಹಾಕಲೇಬೇಕಾದಾಗ

ರೀಸೆಟ್ ಮಾಡಿದರೆ ಯಾವುದು ಹೋಗ್ತದೆ, ಯಾವುದು ಉಳೀತದೆ?

ಕೀಪ್ ಮೈ ಫೈಲ್ಸ್ ಆರಿಸಿದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫೋಟೋಗಳು ಉಳಿಯುತ್ತವೆ. ನೀವು ಹಾಕಿಕೊಂಡ ಸಾಫ್ಟ್‌ವೇರ್ ಎಲ್ಲ ಹೋಗುತ್ತದೆ: ಲೆಕ್ಕ ಬರೆಯುವ ಟ್ಯಾಲಿ, ಕನ್ನಡ ಟೈಪಿಂಗ್‌ನ ನುಡಿ ಮತ್ತು ಬರಹ, ಪ್ರಿಂಟರ್ ಡ್ರೈವರ್. ರಿಮೂವ್ ಎವ್ರಿಥಿಂಗ್ ಹೆಸರಿಗೆ ತಕ್ಕ ಹಾಗೆ ಎಲ್ಲ ಅಳಿಸುತ್ತದೆ. ಮುಂದೆ ಕ್ಲೌಡ್ ಡೌನ್‌ಲೋಡ್ ಅಥವಾ ಲೋಕಲ್ ಅಂತ ಕೇಳುತ್ತದೆ. ಕೆಟ್ಟ ವಿಂಡೋಸ್‌ನ ಫೈಲ್‌ಗಳಿಂದಲೇ ಹೊಸದು ಕಟ್ಟಿದರೆ ಮತ್ತೆ ಕೆಟ್ಟದ್ದೇ ಬರಬಹುದು, ಹಾಗಾಗಿ ಕ್ಲೌಡ್ ಆರಿಸಿ. ಸುಮಾರು 4 ಜಿಬಿ ಡೇಟಾ ಬೇಕು.

ಟ್ಯಾಲಿ ಇಟ್ಟಿರುವ ಹೋಟೆಲು, ಅಂಗಡಿಯವರಿಗೆ ಒಂದು ಮಾತು. ನಿಮ್ಮ ಲೆಕ್ಕ ಡಾಕ್ಯುಮೆಂಟ್ಸ್‌ನಲ್ಲಿ ಇರುವುದಿಲ್ಲ. ಟ್ಯಾಲಿಯ ಡೇಟಾ ಫೋಲ್ಡರ್ ಒಳಗೆ 10000 ಅಥವಾ 100000 ಥರದ ಅಂಕಿಗಳ ಹೆಸರಿನ ಫೋಲ್ಡರ್‌ಗಳು ಇರುತ್ತವೆ, ಅವೇ ನಿಮ್ಮ ಕಂಪನಿಗಳು. ಅವನ್ನು ಹಾಗೇ ನಕಲು ಮಾಡಿಕೊಳ್ಳದೆ ಯಾವ ರೀಸೆಟ್ಟೂ ಬೇಡ.

ಪೂರ್ತಿ ಹೊಸ ವಿಂಡೋಸ್ ಹಾಕಲು ಅಂಗಡಿಗೇ ಹೋಗಬೇಕಾ? ಸಿಡಿ ಇಲ್ಲ, ಕೀ ಇಲ್ಲ.

ಎರಡೂ ಬೇಡ. ಸರಿ ಇರುವ ಯಾವುದಾದರೂ ವಿಂಡೋಸ್ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ, 8 ಜಿಬಿ ಪೆನ್‌ಡ್ರೈವ್ ಕೊಡಿ. ಆ ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಹೋಗುತ್ತದೆ, ಖಾಲಿಯದ್ದೇ ಇಡಿ. ಕೆಟ್ಟ ಕಂಪ್ಯೂಟರ್‌ಗೆ ಚುಚ್ಚಿ ಆನ್ ಮಾಡುತ್ತಲೇ, ಯಾವುದರಿಂದ ಶುರು ಮಾಡಬೇಕು ಅಂತ ಕೇಳುವ ಬೂಟ್ ಪಟ್ಟಿಯ ಬಟನ್ ಒತ್ತಿ: ಡೆಲ್ ಮತ್ತು ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್. ಕೀ ಕೇಳಿದಾಗ ನನ್ನ ಬಳಿ ಕೀ ಇಲ್ಲ ಅನ್ನುವುದನ್ನು ಒತ್ತಿ. ಅಸಲಿ ವಿಂಡೋಸ್ ಜೊತೆ ಬಂದ ಯಂತ್ರವಾದರೆ, ಮೊದಲು ಇದ್ದ ಹೋಮ್ ಅಥವಾ ಪ್ರೊ ಅದನ್ನೇ ಹಾಕಿದರೆ, ಇಂಟರ್ನೆಟ್ ಸಿಕ್ಕ ಕೂಡಲೇ ತಾನೇ ಸಕ್ರಿಯ ಆಗುತ್ತದೆ.

ಎಲ್ಲಿ ಹಾಕಬೇಕು ಅಂತ ಡಿಸ್ಕ್ ಪಟ್ಟಿ ಬಂದಾಗ ನಿಧಾನ. ನಿಮ್ಮ ಡಿ ಡ್ರೈವ್ ಹೆಚ್ಚಾಗಿ ಅದೇ ಡಿಸ್ಕ್‌ನ ಇನ್ನೊಂದು ಭಾಗ. ಎಲ್ಲ ಡಿಲೀಟ್ ಮಾಡಿದರೆ ಅದೂ ಹೋಗುತ್ತದೆ. ಅಳತೆ ನೋಡಿ ಗುರುತು ಹಿಡಿಯಿರಿ, ಅನುಮಾನ ಇದ್ದರೆ ನಿಲ್ಲಿಸಿ, ಫೋಟೋ ತೆಗೆದು ಗೊತ್ತಿರುವವರಿಗೆ ಕಳಿಸಿ.

ಹೊಸ ವಿಂಡೋಸ್ ಬಂದ ಮೇಲೆ ನನ್ನ ಕನ್ನಡ ಫೈಲ್‌ಗಳೆಲ್ಲ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಆಗಿವೆ! ಹಾಳಾಯ್ತಾ?

ಹಾಳಾಗಿಲ್ಲ, ಒಂದಕ್ಷರವೂ ಹೋಗಿಲ್ಲ. ಅವು ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಬರೆದವು. ಆ ಕಾಲದ ಫಾಂಟ್‌ಗಳು ಯುನಿಕೋಡ್ ಅಲ್ಲ. ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ, ಅದರ ಮೇಲೆ ಫಾಂಟ್ ಕನ್ನಡದ ರೂಪ ತೋರಿಸುತ್ತದೆ. ಹೊಸ ವಿಂಡೋಸ್‌ನಲ್ಲಿ ಆ ಫಾಂಟ್ ಇಲ್ಲ, ಅದಕ್ಕೇ ಒಳಗಿನದು ಕಾಣುತ್ತಿದೆ. ಅದೇ ನುಡಿ ಅಥವಾ ಬರಹ ಮತ್ತೆ ಹಾಕಿಕೊಳ್ಳಿ, ಫೈಲ್ ತೆರೆಯಿರಿ, ಕನ್ನಡ ಮರಳಿ ಬರುತ್ತದೆ. ಕಲಸುಮೇಲೋಗರ ಕಂಡು ಫೈಲ್ ಅಳಿಸಿದವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಬಿಡುವಾದಾಗ ಆ ಬರಹಗಳನ್ನು ಯುನಿಕೋಡ್‌ಗೆ ಬದಲಿಸಿಕೊಳ್ಳಿ, ಅದಕ್ಕೆ ಉಚಿತ ಪರಿವರ್ತಕಗಳಿವೆ. ಯುನಿಕೋಡ್‌ನಲ್ಲಿ ಇದ್ದರೆ ಯಾವ ಕಂಪ್ಯೂಟರ್‌ನಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುತ್ತದೆ.

## ಸ್ವಲ್ಪ ಆಳಕ್ಕೆ ಇಳಿದವರಿಗೆ

ಪೆನ್‌ಡ್ರೈವ್‌ನಿಂದ ಸೆಟಪ್ ಶುರುವಾಗ್ತದೆ, ಆದರೆ ಡಿಸ್ಕ್ ಪಟ್ಟಿ ಖಾಲಿ.

ಇಂಟೆಲ್ 11ನೇ ತಲೆಮಾರು ಮತ್ತು ಆಮೇಲಿನ ಲ್ಯಾಪ್‌ಟಾಪ್ ಆದರೆ ಡಿಸ್ಕ್ ಸತ್ತಿದೆ ಅಂತ ತೀರ್ಮಾನಿಸಬೇಡಿ. ಅವುಗಳಲ್ಲಿ ವಿಎಂಡಿ ಅಂತ ಒಂದು ವ್ಯವಸ್ಥೆ ಡಿಸ್ಕ್‌ನ ಮುಂದೆ ನಿಂತಿರುತ್ತದೆ, ಸೆಟಪ್‌ಗೆ ಅದರ ಡ್ರೈವರ್ ಗೊತ್ತಿರುವುದಿಲ್ಲ. ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ನಿಮ್ಮ ಮಾದರಿಯ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಚ್ಚಿ, ಅದೇ ಪೆನ್‌ಡ್ರೈವ್‌ಗೆ ಹಾಕಿ, ಲೋಡ್ ಡ್ರೈವರ್ ಒತ್ತಿ ತೋರಿಸಿ. ಡಿಸ್ಕ್ ಕಾಣುತ್ತದೆ.

ಕಂಪ್ಯೂಟರ್‌ನ ತಾರೀಕು ಹಳೇ ವರ್ಷಕ್ಕೆ ಹೋಗಿದೆ, ಜೊತೆಗೆ ನೀಲಿ ಪರದೆ. ಎರಡಕ್ಕೂ ಸಂಬಂಧ ಇದೆಯಾ?

ಇದೆ. ಮದರ್‌ಬೋರ್ಡ್ ಮೇಲಿನ ನಾಣ್ಯದ ಥರದ ಬ್ಯಾಟರಿ ಸತ್ತಿದೆ. ಡೆಸ್ಕ್‌ಟಾಪ್‌ನಲ್ಲಿ ಅದು ಸಾಮಾನ್ಯವಾಗಿ ಸಿಆರ್2032. ಬ್ಯಾಟರಿ ಸತ್ತರೆ ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ, ಯಂತ್ರದೊಳಗಿನ ಸಾಫ್ಟ್‌ವೇರ್) ಸೆಟ್ಟಿಂಗ್‌ಗಳು ಕಂಪನಿಯ ಮೂಲ ಸ್ಥಿತಿಗೆ ಹೋಗುತ್ತವೆ. ಡಿಸ್ಕ್‌ನ ರೀತಿ ಎಎಚ್‌ಸಿಐ ಇದ್ದದ್ದು ರೇಡ್ ಆಗಿಯೋ, ರೇಡ್ ಇದ್ದದ್ದು ಎಎಚ್‌ಸಿಐ ಆಗಿಯೋ ಬದಲಾದರೆ ವಿಂಡೋಸ್‌ಗೆ ತನ್ನ ಡಿಸ್ಕೇ ಸಿಗುವುದಿಲ್ಲ, ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್ ಅಂತ ಬರುತ್ತದೆ. ಬ್ಯಾಟರಿ ಬದಲಿಸಿ, ಬಯಾಸ್‌ಗೆ ಹೋಗಿ ಮೊದಲಿದ್ದ ರೀತಿಗೆ ತಿರುಗಿಸಿ. ಇಷ್ಟು ಸಣ್ಣ ಬ್ಯಾಟರಿಗೆ ಇಡೀ ಕಂಪ್ಯೂಟರ್ ಫಾರ್ಮ್ಯಾಟ್ ಆದದ್ದನ್ನು ನೋಡಿ ನನಗೆ ಹೊಟ್ಟೆ ಉರಿದಿದೆ.

ಸ್ಟಾರ್ಟಪ್ ರಿಪೇರ್ ಸೋತಿತು. ಬೂಟ್‌ರೆಕ್ ಫಿಕ್ಸ್‌ಬೂಟ್ ಹೊಡೆದರೆ ಆ್ಯಕ್ಸೆಸ್ ಡಿನೈಡ್ ಅಂತದೆ.

ಹೊಸ ಯಂತ್ರಗಳಲ್ಲಿ ಅದನ್ನು ಬಿಟ್ಟು ಬಿಸಿಡಿಬೂಟ್ ಬಳಸಿ. ಡಿಸ್ಕ್‌ಪಾರ್ಟ್ ತೆರೆದು, ಲಿಸ್ಟ್ ವಾಲ್ಯೂಮ್ ಕೊಟ್ಟು, ಫ್ಯಾಟ್32 ಇರುವ 100 ಎಂಬಿ ಆಸುಪಾಸಿನ ಪುಟ್ಟ ಭಾಗ ಹುಡುಕಿ. ಅದನ್ನು ಸೆಲೆಕ್ಟ್ ಮಾಡಿ ಎಸ್ ಅಕ್ಷರ ಅಸೈನ್ ಮಾಡಿ, ಎಕ್ಸಿಟ್. ವಿಂಡೋಸ್ ಫೋಲ್ಡರ್ ಯಾವ ಅಕ್ಷರದಲ್ಲಿ ಇದೆ ಅಂತಲೂ ನೋಡಿಕೊಳ್ಳಿ. ಅದು ಸಿ ಆದರೆ: ಬಿಸಿಡಿಬೂಟ್, ಜಾಗ, ಸಿ ಕೋಲನ್ ಹಿಂಓರೆ (ಬ್ಯಾಕ್‌ಸ್ಲ್ಯಾಶ್) ವಿಂಡೋಸ್, ಜಾಗ, ಓರೆಗೆರೆ ಎಸ್, ಜಾಗ, ಎಸ್ ಕೋಲನ್, ಜಾಗ, ಓರೆಗೆರೆ ಎಫ್, ಜಾಗ, ಯುಇಎಫ್‌ಐ. ಬೂಟ್ ಫೈಲ್‌ಗಳು ಹೊಸದಾಗಿ ಬರೆಯಲ್ಪಡುತ್ತವೆ. ಡಿಸ್ಕ್‌ಪಾರ್ಟ್‌ನಲ್ಲಿ ಕ್ಲೀನ್ ಅನ್ನುವ ಪದ ಮಾತ್ರ ಎಂದೂ ಟೈಪ್ ಮಾಡಬೇಡಿ, ಅದು ಕೇಳದೆಯೇ ಇಡೀ ಡಿಸ್ಕ್ ಖಾಲಿ ಮಾಡುತ್ತದೆ.

ಸರಿ ಮಾಡಿಸಿ ತಿಂಗಳಾಗಲಿಲ್ಲ, ಮತ್ತೆ ಅದೇ ಕಥೆ.

ಹಾಗಾದರೆ ವಿಂಡೋಸ್ ರೋಗವಲ್ಲ, ರೋಗದ ಲಕ್ಷಣ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ಡಿಸ್ಕ್‌ನ ಆರೋಗ್ಯ ನೋಡಿ, ಕಾಷನ್ ಅಥವಾ ಬ್ಯಾಡ್ ಅಂತ ಬಂದರೆ ಡಿಸ್ಕ್ ಬದಲಿಸಿ. ರ‍್ಯಾಮ್ ಪರೀಕ್ಷೆಗೆ ಮೆಮ್‌ಟೆಸ್ಟ್86 ಅನ್ನು ರಾತ್ರಿಯಿಡೀ ಓಡಿಸಿ, ಒಂದೇ ಒಂದು ತಪ್ಪು ಬಂದರೂ ಆ ರ‍್ಯಾಮ್ ಕೆಟ್ಟಿದೆ. ಎರಡೂ ಸರಿ ಇದ್ದರೆ ಪವರ್ ಸಪ್ಲೈ ಅನುಮಾನಿಸಿ. ಸಮುದ್ರದ ಹತ್ತಿರದ ಮನೆಗಳಲ್ಲಿ, ವಾಸ್ಕೋ ಆಗಲಿ ವರ್ಸೋವಾ ಆಗಲಿ, ಉಪ್ಪಿನ ಗಾಳಿಗೆ ರ‍್ಯಾಮ್ ಕಾಲುಗಳು ಮಸುಕಾಗುತ್ತವೆ. ಕರೆಂಟ್ ಕಿತ್ತು, ರ‍್ಯಾಮ್ ತೆಗೆದು, ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿ ಗಟ್ಟಿಯಾಗಿ ಕೂರಿಸಿದರೆ ಸರಿಯಾದದ್ದುಂಟು.

ವಿಂಡೋಸ್ 10ರ ಹಳೇ ಕಂಪ್ಯೂಟರ್. ಇನ್ನು ಇದಕ್ಕೆ ದುಡ್ಡು ಹಾಕಬೇಕಾ?

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಯವರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯುವ ಒಂದು ವರ್ಷದ ಯೋಜನೆ ಇದೆ, ಅದು 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚು ಕಡಿಮೆ 8ನೇ ತಲೆಮಾರಿನ ಮೇಲಿನದು ಬೇಕು. ನಿಮ್ಮದು ಅದಕ್ಕಿಂತ ಹಳೆಯದು, ಬಳಕೆ ಬರೀ ಯೂಟ್ಯೂಬ್, ಮೇಲ್, ಟೈಪಿಂಗ್ ಅಂದರೆ, ಒಂದು ಎಸ್‌ಎಸ್‌ಡಿ ಹಾಕಿಸಿ ಲಿನಕ್ಸ್ ಮಿಂಟ್ ಹಾಕಿ. ಕನ್ನಡ ಟೈಪಿಂಗ್ ಚೆನ್ನಾಗಿ ಆಗುತ್ತದೆ. ಟ್ಯಾಲಿ ಬೇಕೇ ಬೇಕು ಅನ್ನುವವರು ಹೊಸ ಯಂತ್ರ ನೋಡಿ.

ನನಗೆ ಇದೆಲ್ಲ ಆಗೋದಿಲ್ಲ, ಅಂಗಡಿಗೇ ಕೊಡ್ತೇನೆ. ಏನು ಹೇಳಿ ಕೊಡಬೇಕು?

ಕೊಡಿ, ತಪ್ಪೇನಿಲ್ಲ. ಒಳ್ಳೆಯ ಕೆಲಸಗಾರರು ತುಂಬಾ ಜನ ಇದ್ದಾರೆ. ಆದರೆ ಬಾಯಲ್ಲಿ ಹೇಳಿ ಬರಬೇಡಿ, ಒಳಗೆ ಕೆಲಸ ಮಾಡುವ ಹುಡುಗ ಬೇರೆ ಇರುತ್ತಾನೆ. ಒಂದು ಚೀಟಿ ಬರೆದು ಕಂಪ್ಯೂಟರ್ ಮೇಲೆಯೇ ಅಂಟಿಸಿ. ಮುಂಬೈ ಪುಣೆಯಲ್ಲಿ ಮರಾಠಿಯಲ್ಲೇ ಬರೆಯಿರಿ: ಫಾರ್ಮ್ಯಾಟ್ ಕರೂ ನಕಾ. ಆಧೀ ಡೇಟಾ ಕಾಢಾ. ವಿಚಾರಲ್ಯಾಶಿವಾಯ್ ಕಾಹೀ ಪುಸೂ ನಕಾ. ಅಂದರೆ ಫಾರ್ಮ್ಯಾಟ್ ಮಾಡಬೇಡಿ, ಮೊದಲು ಡೇಟಾ ತೆಗೆಯಿರಿ, ಕೇಳದೆ ಏನೂ ಅಳಿಸಬೇಡಿ. ಗೋವಾದಲ್ಲಿ ಹಿಂದಿಯಲ್ಲಿ ಬರೆದರೂ ಆಗುತ್ತದೆ. ಕೆಳಗೆ ನಿಮ್ಮ ಮೊಬೈಲ್ ನಂಬರ್.

ಡೇಟಾ ಹಾಕಿಕೊಡಲು ಖಾಲಿ ಹೊರ ಡಿಸ್ಕ್ ನೀವೇ ಕೊಡಿ. ಬೇಕಾದ ಫೋಲ್ಡರ್‌ಗಳ ಹೆಸರು ಚೀಟಿಯ ಹಿಂದೆ ಬರೆಯಿರಿ, ಡಿ ಡ್ರೈವ್‌ನದ್ದೂ ಸೇರಿಸಿ. ವಾಪಸ್ ತರುವಾಗ ದುಡ್ಡು ಕೊಡುವ ಮುಂಚೆ ಅಲ್ಲೇ ಕೂತು ಆ ಡಿಸ್ಕ್ ತೆರೆಯಿರಿ. ಫೋಲ್ಡರ್ ಇದೆ ಅಂತ ನೋಡಿ ಎದ್ದು ಬರಬೇಡಿ. ನಾಲ್ಕು ಫೋಟೋ ತೆರೆದು ನೋಡಿ, ಒಂದು ಹಾಡು ಹಾಕಿ ಕೇಳಿ.